ಮಿಡತೆಯ ಮರ್ಮಜ್ಞ ಬೋರಿಸ್ ಉವಾರೋವ್

ನಾಡಿನ ಬೆಳೆಗೆ ಬಂದೊದಗುವ ಕೇಡುಗಳನ್ನು ನಮ್ಮ ಹಿರಿಯರು ಆರು ಈತಿಬಾಧೆಗಳೆಂದು ಎಣಿಸಿದ್ದರು. ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ ಇವು ಐದು. ಗಡಿಯಾಚೆ ಹೊಂಚಿ ಕುಳಿತ ನೆರೆಯ ಅರಸರು ಆರನೆಯದು. ಈ ಪಟ್ಟಿಯಲ್ಲಿ ಮಿಡತೆಗೆ ದೊರೆತ ಸ್ಥಾನ ಸೋಜಿಗದ್ದು. ಗದ್ದೆಯ ಬದುವಿನ ಮೇಲೆ ನಡೆಯುವಾಗ ಕಾಲಬುಡದಿಂದ ಚಂಗನೆ ನೆಗೆದು ಹುಲ್ಲಿನಲ್ಲಿ ಮರೆಯಾಗುವ ಆ ಬಡಜೀವಿಯನ್ನು ಮಾತ್ರ ಕಂಡವರು ಅದನ್ನು ಬರಗಾಲದ ಜೊತೆಗೂ ದಂಡಿನ ಜೊತೆಗೂ ಒಂದೇ ಸಾಲಿನಲ್ಲಿ ಕೂರಿಸಲಾರರು. ಆದರೆ ಅದೇ ಹೆಸರಿನ ಕೀಟ ಕೋಟಿಗಟ್ಟಲೆಯಾಗಿ ಮುಗಿಲಿನಂತೆ ಕವಿದು, ಇಳಿದ ಕಡೆ ಹಸುರಿನ ಸುಳಿವನ್ನೂ ಉಳಿಸದೆ ಎದ್ದು ಹೋದುದನ್ನು ಕಂಡವರು ಹಿರಿಯರ ಎಣಿಕೆ ಸರಿಯೆಂದೇ ಒಪ್ಪುವರು.

ಈ ಹಿಂಡುಗಳು ಎಲ್ಲಿಂದ ಬರುತ್ತವೆ? ನಾಲ್ಕಾರು ವರ್ಷ ನಾಡನ್ನು ಸುಲಿದು ಒಮ್ಮೆಗೇ ಎಲ್ಲಿ ಮಾಯವಾಗುತ್ತವೆ? ಮತ್ತೆ ಹತ್ತಾರು ವರ್ಷಗಳ ಮೇಲೆ ಮರಳಿ ಬರುವವರೆಗೆ ಎಲ್ಲಿ ಅಡಗಿರುತ್ತವೆ? ಸಾವಿರಾರು ವರ್ಷಗಳಿಂದ ಮನುಷ್ಯನನ್ನು ಕಾಡಿದ ಪ್ರಶ್ನೆಗಳಿವು. ದೈವಕೋಪವೆಂದು ಕೆಲವರು ಸಮಾಧಾನಪಟ್ಟುಕೊಂಡರು. ಕಾಣದ ದೂರದೇಶವೊಂದರಲ್ಲಿ ಅವುಗಳ ತವರಿದೆಯೆಂದು ಕೆಲವರು ಊಹಿಸಿದರು. ಇದಕ್ಕೆ ಶಾಸ್ತ್ರೀಯವಾದ ಉತ್ತರವೊಂದು ಪ್ರಕಟವಾದುದು 1921ರಲ್ಲಿ. ಅದನ್ನು ಕೊಟ್ಟವರು, ತಾಯ್ನಾಡನ್ನು ತೊರೆದು ಲಂಡನ್ನಿಗೆ ಬಂದು ಇನ್ನೂ ವರ್ಷವೊಂದು ಕಳೆದಿದ್ದ ರಷ್ಯನ್ ಕೀಟಶಾಸ್ತ್ರಜ್ಞ ಬೋರಿಸ್ ಪೆಟ್ರೋವಿಚ್ ಉವಾರೋವ್.

ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ, ಉರಾಲ್ ನದಿಯ ದಡದ ಉರಾಲ್ಸ್ಕ್ ಎಂಬ ಊರಿನಲ್ಲಿ ಉವಾರೋವ್ ಜನಿಸಿದರು. ಅಂದು ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ಆ ಊರು ಇಂದು ಕಜಕಸ್ತಾನದಲ್ಲಿದೆ. ತಂದೆ ಬ್ಯಾಂಕಿನ ನೌಕರರು. ಊರಿನ ಸುತ್ತ ಕಣ್ಣು ಹಾಯುವಷ್ಟು ದೂರವೂ ಹುಲ್ಲುಗಾವಲು. ಹುಲ್ಲಿನ ತುಂಬ ಹುಳು, ಹಕ್ಕಿ. ಮಗನ ಒಲವು ಎತ್ತ ಹರಿಯುತ್ತಿದೆಯೆಂದು ಕಂಡ ತಂದೆ, ಜರ್ಮನ್ ಪ್ರಾಣಿಶಾಸ್ತ್ರಜ್ಞ ಆಲ್ಫ್ರೆಡ್ ಬ್ರೆಮ್ ಪ್ರಾಣಿಜೀವನವನ್ನು ಕುರಿತು ಬರೆದ ಸಂಪುಟಗಳನ್ನು ತಂದುಕೊಟ್ಟರು. ಹೊಟ್ಟೆಪಾಡಿನ ವಿದ್ಯೆಯಾಗಲೆಂದು ತರುಣನು ಮೊದಲು ಗಣಿಗಾರಿಕೆಯ ಶಾಲೆಯನ್ನು ಸೇರಿದನಾದರೂ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೋಗಿ ಜೀವಶಾಸ್ತ್ರವನ್ನು ಓದಿ 1910ರಲ್ಲಿ ಪದವಿ ಪಡೆದನು. ತವರು ಸೀಮೆಯ ಮಿಡತೆ, ಜೀರುಂಡೆಗಳನ್ನು ಗುರುತಿಸುವುದರಲ್ಲಿ ಆ ವೇಳೆಗಾಗಲೇ ಆತನ ಕಣ್ಣು ಪಳಗಿತ್ತು.

ಕೆಲಕಾಲ ಮಧ್ಯ ಏಷ್ಯದ ಹತ್ತಿಯ ಹೊಲಗಳಲ್ಲಿ ದುಡಿದ ಮೇಲೆ 1912ರಲ್ಲಿ ಉವಾರೋವ್ ಅವರು ಕಾಕಸಸ್ ಪರ್ವತಗಳ ಉತ್ತರಕ್ಕಿರುವ ಸ್ಟಾವ್ರೊಪೋಲ್ ಸೀಮೆಗೆ ಸರ್ಕಾರಿ ಕೀಟಶಾಸ್ತ್ರಜ್ಞರಾಗಿ ಹೋದರು. ಅವರ ಬಾಳಿನ ದಿಕ್ಕು ನಿರ್ಧಾರವಾದುದು ಇಲ್ಲಿ. ಕ್ಯಾಸ್ಪಿಯನ್ ಸಮುದ್ರಕ್ಕೆ ಇಳಿಯುವ ನದಿಗಳ ಜವುಗುನೆಲದಲ್ಲಿ, ಆಳೆತ್ತರದ ಜೊಂಡಿನ ನಡುವೆ, ವಲಸೆ ಮಿಡತೆಯ ಹಿಂಡುಗಳು ಮೊಟ್ಟೆಯಿಟ್ಟು ಮರಿಮಾಡುತ್ತಿದ್ದವು. ಗೋಧಿಯ ಹೊಲಗಳಿಗೆ ಅವು ನುಗ್ಗದಂತೆ ತಡೆಯುವುದು ತರುಣ ಅಧಿಕಾರಿಯ ಹೊಣೆ.

ಆ ಕಾಲದ ಪಂಡಿತರು ಅಲ್ಲಿ ಎರಡು ಬೇರೆ ಬೇರೆ ಜಾತಿಯ ಮಿಡತೆಗಳನ್ನು ಗುರುತಿಸಿದ್ದರು. ಒಂದು, ಹಿಂಡುಗಟ್ಟಿ ಹಾರುವ ವಲಸೆ ಮಿಡತೆ; ಅದರ ಮರಿಗಳು ಕಪ್ಪು ಮತ್ತು ಕಿತ್ತಳೆ ಬಣ್ಣದವು, ದಂಡಿನಂತೆ ಸಾಲುಗಟ್ಟಿ ನಡೆಯುವವು. ಇನ್ನೊಂದು, ಒಂಟಿಯಾಗಿ ಬಾಳುವ ಸಾಧು ಮಿಡತೆ. ಹಸುರೋ ಕಂದೋ ಬಣ್ಣ, ಕತ್ತಿನ ಹಿಂಬದಿ ಏರು ಬೆನ್ನಿನಂತೆ ಉಬ್ಬಿರುತ್ತದೆ, ಹಿಂಗಾಲಿನ ತೊಡೆ ಉದ್ದ. ಎರಡಕ್ಕೂ ಬೇರೆ ಬೇರೆ ಲ್ಯಾಟಿನ್ ಹೆಸರುಗಳಿದ್ದವು. ಸಂಗ್ರಹಾಲಯಗಳಲ್ಲಿ ಬೇರೆ ಬೇರೆ ಪೆಟ್ಟಿಗೆಗಳಿದ್ದವು. ಉವಾರೋವ್ ಅವರು ಹೊಲದಲ್ಲಿ ಕಂಡದ್ದು ಪೆಟ್ಟಿಗೆಗಳ ಲೆಕ್ಕಕ್ಕೆ ಹೊಂದಲಿಲ್ಲ. ಹಿಂಡುಗಳು ಮೊಟ್ಟೆಯಿಟ್ಟು ಹೋಗಿದ್ದ ನೆಲದಿಂದ ಎದ್ದ ಪೀಳಿಗೆಯಲ್ಲಿ, ವಿರಳವಾಗಿ ಚದುರಿದ್ದ ಕಡೆ, ಒಂಟಿ ಮಿಡತೆಯ ರೂಪದವೂ, ಎರಡರ ನಡುವೆ ಯಾವುದೆಂದು ಹೇಳಲಾಗದಂಥವೂ ಕಾಣಿಸಿಕೊಂಡವು. ಹುಲಿಯ ಗವಿಯಿಂದ ಜಿಂಕೆಯ ಮರಿ ಹೊರಬಂದಂತಿತ್ತು ಅದು.

ಅವರು ಆತುರಪಡಲಿಲ್ಲ. ರೆಕ್ಕೆಯ ಉದ್ದವನ್ನು ತೊಡೆಯ ಉದ್ದದೊಡನೆ ಅಳೆದರು. ಕತ್ತಿನ ಕವಚದ ಆಕಾರವನ್ನು ಹೋಲಿಸಿದರು. ಸಾಲು ಸಾಲಾಗಿ ಮಾದರಿಗಳನ್ನು ಜೋಡಿಸಿ ನೋಡಿದರು. ಒಂದು ತುದಿಯ ಒಂಟಿ ಮಿಡತೆಯಿಂದ ಇನ್ನೊಂದು ತುದಿಯ ಹಿಂಡಿನ ಮಿಡತೆಯವರೆಗೆ ಎಲ್ಲಿಯೂ ಗೆರೆ ಎಳೆಯಲು ಸಾಧ್ಯವಾಗಲಿಲ್ಲ. ಇದೇ ಕಾಲದಲ್ಲಿ ತಾಷ್ಕೆಂಟಿನಲ್ಲಿದ್ದ ವಾಸಿಲಿ ಪ್ಲಾಟ್ನಿಕೋವ್ ಎಂಬ ಇನ್ನೊಬ್ಬ ರಷ್ಯನ್ ವಿಜ್ಞಾನಿ ಮಿಡತೆಗಳನ್ನು ಪಂಜರದಲ್ಲಿ ಸಾಕಿ, ಒಂದು ರೂಪ ಇನ್ನೊಂದಾಗುವುದನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದರು. ಆ ಸಹೋದ್ಯೋಗಿಯ ಕೆಲಸವನ್ನು ಉವಾರೋವ್ ಮುಂದೆ ತಮ್ಮ ಬರವಣಿಗೆಯಲ್ಲಿ ಮರೆಯದೆ ನೆನೆದರು.

ಅಷ್ಟರಲ್ಲಿ ಕಾಲ ಕೆಟ್ಟಿತು. 1914ರಲ್ಲಿ ಮಹಾಯುದ್ಧ, 1917ರಲ್ಲಿ ಕ್ರಾಂತಿ, ಅದರ ಹಿಂದೆಯೇ ಅಂತರ್ಯುದ್ಧ. ಉವಾರೋವ್ ಅವರು 1915ರಿಂದಲೂ ಜಾರ್ಜಿಯದ ತಿಫ್ಲಿಸ್ ನಗರದಲ್ಲಿದ್ದರು. 1918ರಲ್ಲಿ ಜಾರ್ಜಿಯ ಸ್ವತಂತ್ರ ರಾಷ್ಟ್ರವಾದಾಗ ಅವರು ಇದ್ದಲ್ಲಿಯೇ ಪರದೇಶಿಯಾದರು. ವಿಶ್ವವಿದ್ಯಾಲಯದಲ್ಲಿ ಪಾಠ, ವಸ್ತುಸಂಗ್ರಹಾಲಯದಲ್ಲಿ ಕೀಟಗಳ ಪಾಲನೆ. ಹೊರಗೆ ನಾಳೆಯ ಭರವಸೆಯಿಲ್ಲದ ಬದುಕು. ಅಂಥ ಹೊತ್ತಿನಲ್ಲಿ ಲಂಡನ್ನಿನ ಇಂಪೀರಿಯಲ್ ಕೀಟಶಾಸ್ತ್ರ ಸಂಸ್ಥೆಯ ನಿರ್ದೇಶಕ ಗೈ ಮಾರ್ಷಲ್ ಅವರಿಂದ ಕೆಲಸದ ಕರೆ ಬಂದಿತು. 1920ರಲ್ಲಿ ಉವಾರೋವ್ ಲಂಡನ್ನಿಗೆ ಹೊರಟರು.

ಅಲ್ಲಿ ಅವರ ಕೆಲಸ, ಸಾಮ್ರಾಜ್ಯದ ಮೂಲೆ ಮೂಲೆಯಿಂದ ಬರುತ್ತಿದ್ದ ಕೀಟಗಳಿಗೆ ಹೆಸರು ಹೇಳುವುದು. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಅಪಾರವಾದ ಸಂಗ್ರಹ ಕಣ್ಣ ಮುಂದಿತ್ತು. ಸ್ಟಾವ್ರೊಪೋಲಿನ ಜವುಗಿನಲ್ಲಿ ಮೊಳೆತಿದ್ದ ಸಂದೇಹ ಇಲ್ಲಿ ಸಿದ್ಧಾಂತವಾಯಿತು. 1921ರಲ್ಲಿ ಪ್ರಕಟವಾದ ಅವರ ಲೇಖನದ ಸಾರವಿಷ್ಟು: ಒಂಟಿ ಮಿಡತೆ, ಹಿಂಡಿನ ಮಿಡತೆ ಎರಡೂ ಒಂದೇ ಜೀವಿಯ ಎರಡು ಅವಸ್ಥೆಗಳು. ಸಂಖ್ಯೆ ವಿರಳವಾಗಿದ್ದಾಗ ಅದು ಸಾಧು. ದಟ್ಟಣೆ ಹೆಚ್ಚಿದಾಗ ಬಣ್ಣ, ಮೈಕಟ್ಟು, ನಡತೆ ಎಲ್ಲವೂ ಬದಲಾಗಿ ಅದೇ ದಂಡು. ಆದುದರಿಂದ ಹಿಂಡು ಮಾಯವಾದ ವರ್ಷಗಳಲ್ಲಿ ಅದು ಎಲ್ಲಿಗೂ ಹೋಗಿರುವುದಿಲ್ಲ. ಬೇರೊಂದು ವೇಷದಲ್ಲಿ, ನಮ್ಮ ಕಣ್ಣೆದುರಿನ ಹುಲ್ಲಿನಲ್ಲಿಯೇ ಇರುತ್ತದೆ.

ಈ ಮಾತು ಮೊದಲು ಹಲವರಿಗೆ ಹಿಡಿಸಲಿಲ್ಲ. ಆದರೆ ದಕ್ಷಿಣ ಆಫ್ರಿಕದಲ್ಲಿ ಜೆ. ಸಿ. ಫೌರೆ ಎಂಬುವರು ಕಂದು ಮಿಡತೆ ಮುಂತಾದವನ್ನು ಪಂಜರಗಳಲ್ಲಿ ಒಂಟಿಯಾಗಿಯೂ ಗುಂಪಾಗಿಯೂ ಸಾಕಿ ನೋಡಿದಾಗ ಉವಾರೋವರ ಊಹೆಗೆ ಪುರಾವೆ ದೊರೆಯಿತು. ಮುಂದಿನ ಪೀಳಿಗೆಯವರು ಇನ್ನೂ ಆಳಕ್ಕೆ ಇಳಿದರು. ಮರುಭೂಮಿ ಮಿಡತೆಯ ಹಿಂಗಾಲಿನ ತೊಡೆಗೆ ಇತರ ಮಿಡತೆಗಳ ಮೈ ಮತ್ತೆ ಮತ್ತೆ ತಗುಲಿದರೆ ಕೆಲವೇ ಗಂಟೆಗಳಲ್ಲಿ ಅದರ ನಡತೆ ಬದಲಾಗುತ್ತದೆಂದು 2001ರಲ್ಲಿಯೂ, ಆ ಬದಲಾವಣೆಯ ಹಿಂದೆ ಸೆರಟೋನಿನ್ ಎಂಬ ನರರಾಸಾಯನಿಕವಿದೆಯೆಂದು 2009ರಲ್ಲಿಯೂ ತೋರಿಸಲಾಯಿತು. ನಡತೆ ಮೊದಲು ಬದಲಾಗುತ್ತದೆ. ಬಣ್ಣ ಪೊರೆ ಕಳಚಿದಂತೆಲ್ಲ ಬದಲಾಗುತ್ತದೆ. ಮೈಕಟ್ಟು ಪೂರ್ತಿಯಾಗಿ ಬದಲಾಗಲು ಪೀಳಿಗೆಗಳೇ ಬೇಕು.

ಇಲ್ಲಿ ನಮ್ಮ ಭಾಷೆಯ ಒಂದು ಸಂಗತಿಯನ್ನು ನೆನೆಯಬಹುದು. ಇಂಗ್ಲಿಷಿನವರು ಹೊಲದ ಒಂಟಿ ಮಿಡತೆಗೆ ಒಂದು ಹೆಸರನ್ನೂ ಹಿಂಡಿನ ಮಿಡತೆಗೆ ಇನ್ನೊಂದು ಹೆಸರನ್ನೂ ಇಟ್ಟಿದ್ದಾರೆ. ಕನ್ನಡದ ರೈತನಿಗೆ ಎರಡೂ ಮಿಡತೆಯೇ. ಹಾಗೆಂದು ಎಲ್ಲ ಮಿಡತೆಯೂ ಹಿಂಡುಗಟ್ಟುವುದಿಲ್ಲ. ಜಗತ್ತಿನಲ್ಲಿ ಹೆಸರು ಪಡೆದಿರುವ ಮಿಡತೆಯ ಬಳಗದ ಜಾತಿಗಳು ಹತ್ತು ಸಾವಿರಕ್ಕೂ ಮಿಕ್ಕಿವೆ. ಅವುಗಳಲ್ಲಿ ಈ ದ್ವಿರೂಪವನ್ನು ತಾಳಿ ದಂಡೆತ್ತಿ ಹೋಗುವವು ಸುಮಾರು 20 ಮಾತ್ರ. ಆಫ್ರಿಕದಿಂದ ರಾಜಸ್ಥಾನದವರೆಗೆ ಹಬ್ಬಿರುವ ಮರುಭೂಮಿ ಮಿಡತೆ, ಯುರೋಪು ಏಷ್ಯ ಆಫ್ರಿಕಗಳ ವಲಸೆ ಮಿಡತೆ, ಮಧ್ಯ ಮತ್ತು ದಕ್ಷಿಣ ಆಫ್ರಿಕದ ಕೆಂಪು ಮಿಡತೆ, 1901ರಿಂದ 1908ರವರೆಗೆ ಪಶ್ಚಿಮ ಭಾರತವನ್ನು ಕಾಡಿದ ಬೊಂಬಾಯಿ ಮಿಡತೆ ಇವು ಆ ಸಾಲಿನವು.

ಉಳಿದವೆಲ್ಲವೂ ನಿರಪಾಯಕರವೆಂದು ತಿಳಿಯಬಾರದು. ನಮ್ಮ ಬಯಲುಸೀಮೆಯ ಜೋಳದ ಮಿಡತೆಗೆ ಹಾರಲು ರೆಕ್ಕೆಯೇ ಇಲ್ಲ. ಆದರೂ ಜೋಳದ ಹೊಲವನ್ನು ಬೋಳು ಮಾಡಬಲ್ಲದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಇದರ ಬಾಳುವೆಯನ್ನು ಅಭ್ಯಸಿಸಿ 1911ರಲ್ಲಿ ಪುಸ್ತಿಕೆಯೊಂದನ್ನು ಹೊರತಂದರು. ಸ್ಪೇನಿನ ವಿದ್ವಾಂಸ ಬೊಲಿವಾರ್ ಅದಕ್ಕಿಟ್ಟ ಶಾಸ್ತ್ರೀಯ ನಾಮದಲ್ಲಿ ಕೋಲ್ಮನ್ನರ ಹೆಸರೇ ಉಳಿದಿದೆ. ಇಂಥ ಮಿಡತೆಯ ಕೇಡು ಒಂದೆರಡು ಸೀಮೆಗಳಲ್ಲಿ ಮುಗಿಯುತ್ತದೆ. ಹಿಂಡಿನ ಮಿಡತೆಯ ಕೇಡಿಗೆ ಆ ಎಲ್ಲೆಯಿಲ್ಲ.

ಒಂದು ಚದರ ಕಿಲೋಮೀಟರಿನಷ್ಟು ಹಬ್ಬಿದ ಮರುಭೂಮಿ ಮಿಡತೆಯ ಹಿಂಡಿನಲ್ಲಿ 4 ಕೋಟಿಯಿಂದ 8 ಕೋಟಿಯವರೆಗೆ ಮಿಡತೆಗಳಿರಬಲ್ಲವು. ಒಂದೊಂದೂ ದಿನಕ್ಕೆ ತನ್ನ ಮೈತೂಕದಷ್ಟು, ಎಂದರೆ ಸುಮಾರು 2 ಗ್ರಾಂ ಹಸುರನ್ನು ಮೇಯುತ್ತದೆ. ಅಷ್ಟು ಸಣ್ಣ ಹಿಂಡು ಕೂಡ ಒಂದು ದಿನದಲ್ಲಿ 35,000 ಜನರ ಊಟವನ್ನು ತಿಂದಂತಾಗುತ್ತದೆ. ಗಾಳಿಯನ್ನೇರಿ ದಿನಕ್ಕೆ 150 ಕಿಲೋಮೀಟರುಗಳವರೆಗೂ ಹೋಗಬಲ್ಲದು. ಕೇಡು ಉಲ್ಬಣಿಸಿದ ವರ್ಷಗಳಲ್ಲಿ ಅದರ ದಾಳಿ ಸುಮಾರು 60 ದೇಶಗಳನ್ನು ಮುಟ್ಟಬಲ್ಲದು.

ಸಿದ್ಧಾಂತ ಗೆದ್ದಿತೆಂದು ಉವಾರೋವ್ ಸುಮ್ಮನಾಗಲಿಲ್ಲ. 1928ರಲ್ಲಿ ಮಿಡತೆಗಳ ಅಧ್ಯಯನ ಮತ್ತು ನಿವಾರಣೆಯನ್ನು ಕುರಿತ ಅವರ ದೊಡ್ಡ ಗ್ರಂಥ ಇಂಗ್ಲಿಷಿನಲ್ಲಿ ಹೊರಬಂದಿತು. ಆ ದಶಕದ ಕೊನೆಯಲ್ಲಿ ಆಫ್ರಿಕ, ಅರೇಬಿಯ, ಭಾರತಗಳ ಮೇಲೆ ಮರುಭೂಮಿ ಮಿಡತೆ ಎರಗಿತು. 1926ರಿಂದ 1931ರವರೆಗಿನ ಹಾವಳಿಯಲ್ಲಿ ಭಾರತದ ಬೆಳೆನಷ್ಟವೇ 10 ಕೋಟಿ ರೂಪಾಯಿಗಳೆಂದು ಅಂದಾಜು ಮಾಡಲಾಯಿತು. 1929ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಸಮಿತಿಯು ಸಂಶೋಧನೆಯ ಹೊಣೆಯನ್ನು ಉವಾರೋವರಿಗೆ ವಹಿಸಿತು. ಬೆರಳೆಣಿಕೆಯ ಸಹಾಯಕರೊಡನೆ ಅವರು ಕೆಲಸಕ್ಕೆ ಕುಳಿತರು. ಎಲ್ಲೆಲ್ಲಿ ಹಿಂಡು ಕಂಡಿತು, ಯಾವ ದಿನ, ಯಾವ ದಿಕ್ಕಿಗೆ ಹೋಯಿತು, ಎಲ್ಲಿ ಮೊಟ್ಟೆಯಿಟ್ಟಿತು ಎಂಬ ವರದಿಗಳನ್ನೆಲ್ಲ ತರಿಸಿ ಭೂಪಟದ ಮೇಲೆ ಗುರುತಿಸುವ ಕ್ರಮ ಆಗ ಬಲಗೊಂಡಿತು. ಈ ಕಾರ್ಯದಲ್ಲಿ ಜೀನಾ ವಾಲಾಫ್ ಎಂಬ ವಿದುಷಿ ಅವರಿಗೆ ದೀರ್ಘಕಾಲ ನೆರವಾದರು. ಭೂಪಟ ತುಂಬುತ್ತ ಬಂದಂತೆ ಒಂದು ಸತ್ಯ ಸ್ಪಷ್ಟವಾಯಿತು: ಒಂದು ದೇಶದಲ್ಲಿ ಹುಟ್ಟಿದ ಮಿಡತೆ ಇನ್ನೊಂದು ದೇಶದ ಬೆಳೆಯನ್ನು ತಿಂದು, ಮೂರನೆಯ ದೇಶದಲ್ಲಿ ಮೊಟ್ಟೆಯಿಡುತ್ತದೆ.

ಆದುದರಿಂದ ದೇಶದೇಶಗಳು ಕಲೆತು ಮಾತಾಡಬೇಕಾಯಿತು. 1931ರಲ್ಲಿ ರೋಮ್, 1932ರಲ್ಲಿ ಪ್ಯಾರಿಸ್, 1934ರಲ್ಲಿ ಲಂಡನ್, 1936ರಲ್ಲಿ ಕೈರೋ, 1938ರಲ್ಲಿ ಬ್ರಸೆಲ್ಸ್ ನಗರಗಳಲ್ಲಿ ಮಿಡತೆಯ ಸಲುವಾಗಿಯೇ ಅಂತರರಾಷ್ಟ್ರೀಯ ಸಮ್ಮೇಳನಗಳು ನೆರೆದವು. ಅದೇ ವರ್ಷಗಳಲ್ಲಿ ಆ ದೇಶಗಳು ಎರಡನೆಯ ಮಹಾಯುದ್ಧಕ್ಕೆ ಅಣಿಯಾಗುತ್ತಿದ್ದವು ಎಂಬುದನ್ನು ನೆನೆದರೆ ಈ ಸಾಧನೆಯ ಬೆಲೆ ತಿಳಿಯುತ್ತದೆ. ಭಾರತದಲ್ಲಿಯೂ ಕೆಲಸ ಸಾಗಿತ್ತು. ರಾವ್ ಬಹದ್ದೂರ್ ವೈ. ರಾಮಚಂದ್ರ ರಾವ್ ಅವರು ಕರಾಚಿ, ಬಲೂಚಿಸ್ತಾನ ಮತ್ತು ಥಾರ್ ಮರುಭೂಮಿಯಲ್ಲಿ ವರ್ಷಗಟ್ಟಲೆ ಒಂಟಿ ಮಿಡತೆಯ ಬೆನ್ನುಹತ್ತಿದರು. ಅವರ ಬೃಹತ್ ಗ್ರಂಥ 1960ರಲ್ಲಿ ಪ್ರಕಟವಾಯಿತು. ಹಿಂಡಿನ ಮುನ್ಸೂಚನೆ ಕೊಡುವ ಸಂಸ್ಥೆಯೊಂದು 1939ರಲ್ಲಿಯೇ ಇಲ್ಲಿ ಸ್ಥಾಪನೆಯಾಗಿ ಇಂದಿಗೂ ನಡೆಯುತ್ತಿದೆ.

ಉವಾರೋವರ ಮತದಲ್ಲಿ, ಹಿಂಡು ಎದ್ದ ಮೇಲೆ ಹೋರಾಡುವುದು ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ. ಒಂಟಿ ಮಿಡತೆ ಹಿಂಡಾಗಿ ಮಾರ್ಪಡುವ ನೆಲವನ್ನು ಹುಡುಕಿ ಅಲ್ಲಿಯೇ ಕಾವಲಿರಬೇಕು. ಆಫ್ರಿಕದ ವಲಸೆ ಮಿಡತೆಗೆ ನೈಜರ್ ನದಿಯ ನಡುಪಾತ್ರದ ನೆರೆಬಯಲು, ಕೆಂಪು ಮಿಡತೆಗೆ ಟಾಂಗನ್ಯೀಕದ ರುಕ್ವಾ ಕಣಿವೆ ಮುಂತಾದ ಕೆಲವೇ ಎಡೆಗಳು ಅಂಥ ತವರುಗಳೆಂದು ಗೊತ್ತಾಯಿತು. 1949ರಲ್ಲಿ ಕೆಂಪು ಮಿಡತೆಯ ಕಾವಲಿಗೆ ಹಲವು ಸರ್ಕಾರಗಳು ಕೂಡಿ ಒಂದು ಸಂಸ್ಥೆಯನ್ನು ಕಟ್ಟಿದವು. 1930ರಿಂದ 1944ರವರೆಗೆ ಅರ್ಧ ಆಫ್ರಿಕವನ್ನು ನಡುಗಿಸಿದ ಆ ಮಿಡತೆ ಅಷ್ಟು ದೊಡ್ಡ ಪ್ರಮಾಣದಲ್ಲಿ ಮತ್ತೆ ಎದ್ದಿಲ್ಲ.

ಮರುಭೂಮಿ ಮಿಡತೆ ಮಾತ್ರ ಈ ಉಪಾಯಕ್ಕೆ ಮಣಿಯಲಿಲ್ಲ. ಅದಕ್ಕೆ ನೆಲೆಯಾದ ತವರಿಲ್ಲ. ಪಶ್ಚಿಮ ಆಫ್ರಿಕದಿಂದ ಥಾರ್‌ವರೆಗಿನ ಒಣನೆಲದಲ್ಲಿ ಎಲ್ಲಿ ಮಳೆ ಬಿದ್ದು ಹಸುರು ಚಿಗುರಿತೋ ಅದೇ ಅದರ ತವರು. ಎರಡನೆಯ ಮಹಾಯುದ್ಧದ ನಡುವೆ ಅದು ಎದ್ದಾಗ ಮಧ್ಯಪ್ರಾಚ್ಯದ ಆಹಾರಕ್ಕೇ ಸಂಚಕಾರ ಬಂದಿತು; ಸೇನೆಯ ವಾಹನಗಳಲ್ಲಿ ವಿಷ ಬೆರೆಸಿದ ತೌಡನ್ನು ತುಂಬಿ ಅರೇಬಿಯದ ಮರಳಿಗೆ ಕೊಂಡೊಯ್ದರು. 1945ರಲ್ಲಿ ವಿಲ್ಫ್ರೆಡ್ ಥೆಸಿಜರ್ ಎಂಬ ಸಾಹಸಿ, ಅರೇಬಿಯದ ನಿರ್ಜನವಾದ ದಕ್ಷಿಣ ಮರುಭೂಮಿಯಲ್ಲಿ ಮಿಡತೆ ಮರಿಮಾಡುವ ನೆಲವಿದೆಯೇ ಎಂದು ಹುಡುಕಲು ಒಂಟೆಯೇರಿ ಹೊರಟದ್ದು ಈ ಕಾರ್ಯದ ಅಂಗವಾಗಿಯೇ. ಆ ಮಿಡತೆಯ ಹಿಂಡುಗಳು ಗಾಳಿಯೊಡನೆ ಸಾಗಿ, ಗಾಳಿಗಳು ಸಂಧಿಸಿ ಮಳೆ ಸುರಿಸುವ ಕಡೆಗೇ ಸೇರುತ್ತವೆಂಬುದನ್ನು ಉವಾರೋವರ ಸಂಸ್ಥೆಯಲ್ಲಿದ್ದ ರೇನಿ ಎಂಬ ವಿಜ್ಞಾನಿ 1951ರಲ್ಲಿ ತೋರಿಸಿಕೊಟ್ಟರು. ಗುರುವಿನ ನಿರೀಕ್ಷೆಗೆ ಹೊಂದದ ಉತ್ತರವಾದರೂ ಅದು ಗುರುವಿನ ಅಂಗಳದಲ್ಲಿಯೇ ದೊರೆಯಿತು.

1945ರಲ್ಲಿ ಮಿಡತೆ ಸಂಶೋಧನಾ ಕೇಂದ್ರ ಸ್ವತಂತ್ರ ಸಂಸ್ಥೆಯಾಯಿತು. 1959ರಲ್ಲಿ ನಿವೃತ್ತರಾಗುವವರೆಗೆ ಉವಾರೋವ್ ಅದರ ನಿರ್ದೇಶಕರು. ಲಂಡನ್ನಿಗೆ ಬಂದ 23 ವರ್ಷಗಳ ಮೇಲೆ, 1943ರಲ್ಲಿ, ಅವರು ಬ್ರಿಟಿಷ್ ಪೌರತ್ವವನ್ನು ಪಡೆದರು. 1950ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1961ರಲ್ಲಿ ಸರ್ ಪದವಿ ದೊರೆತವು. ನಿವೃತ್ತಿಯ ಬಳಿಕವೂ ಕೇಂದ್ರಕ್ಕೆ ಹೋಗಿ ಬರೆಯುವುದನ್ನು ಬಿಡಲಿಲ್ಲ. ತಮ್ಮ ಹಳೆಯ ಗ್ರಂಥವನ್ನು ಹೊಸದಾಗಿಯೇ ಬರೆಯತೊಡಗಿ ಮೊದಲ ಸಂಪುಟವನ್ನು 1966ರಲ್ಲಿ ಹೊರತಂದರು. 1970ರ ಮಾರ್ಚ್ 18ರಂದು ಅವರು ತೀರಿಕೊಂಡಾಗ ಎರಡನೆಯದು ಇನ್ನೂ ಅಚ್ಚಾಗಿರಲಿಲ್ಲ. ಅದು 1977ರಲ್ಲಿ ಬೆಳಕು ಕಂಡಿತು.

ಅವರ ಕಾಲದ ಸಾಧನಗಳೆಲ್ಲವೂ ನಿರ್ದೋಷವಾಗಿರಲಿಲ್ಲ. ತೌಡಿಗೆ ಬೆರೆಸಿದ ಪಾಷಾಣ, ಆಮೇಲೆ ಬಂದ ಡೀಲ್ಡ್ರಿನ್ ಮುಂತಾದ ವಿಷಗಳು ಮಿಡತೆಯೊಂದನ್ನೇ ಆರಿಸಿ ಕೊಲ್ಲುವಂಥವಾಗಿರಲಿಲ್ಲ. ಮಣ್ಣಿನಲ್ಲಿ ಬಹುಕಾಲ ಉಳಿಯುವ ಡೀಲ್ಡ್ರಿನ್ನಿನ ಬಳಕೆಯನ್ನು ಮುಂದೆ ನಿಲ್ಲಿಸಬೇಕಾಯಿತು. ಮಿಡತೆಯ ಬಳಗವನ್ನೇ ಬಾಧಿಸುವ ಶಿಲೀಂಧ್ರದಿಂದ ತಯಾರಿಸಿದ ಔಷಧಿ ಇಂದು ಬಳಕೆಗೆ ಬಂದಿದೆ. ಅದು ನಿಧಾನವಾಗಿ ಕೊಲ್ಲುವುದರಿಂದ ಮರಿಗಳು ಎಳೆಯವಾಗಿದ್ದಾಗಲೇ ಸಿಂಪಡಿಸಬೇಕು. ಎಂದರೆ, ಹಿಂಡು ಏಳುವ ಮೊದಲೇ ಕಾವಲಿರಬೇಕೆಂಬ ಉವಾರೋವರ ಮಾತಿಗೇ ಮರಳಿ ಬಂದಂತಾಯಿತು.

ಕಾವಲು ಸಡಿಲಿದರೆ ಏನಾಗುವುದೆಂಬುದನ್ನು ನಮ್ಮ ಕಾಲವೇ ಕಂಡಿದೆ. 2018ರ ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಎರಡು ಚಂಡಮಾರುತಗಳು ಅರೇಬಿಯದ ದಕ್ಷಿಣ ಮರುಭೂಮಿಯ ಮೇಲೆ ಅಪರೂಪದ ಮಳೆ ಸುರಿಸಿದವು. ಥೆಸಿಜರ್ ಒಂಟೆಯ ಮೇಲೆ ತಿರುಗಿದ್ದ ಆ ನೆಲದಲ್ಲಿ ಈ ಬಾರಿ ನೋಡುವವರಿರಲಿಲ್ಲ. ಮಿಡತೆ ಯಾರ ಕಣ್ಣಿಗೂ ಬೀಳದೆ ಮೂರು ಪೀಳಿಗೆ ಬೆಳೆಯಿತು. ನೆರೆಯ ಯೆಮನ್ ಅಂತರ್ಯುದ್ಧದಲ್ಲಿ ಬೇಯುತ್ತಿದ್ದುದರಿಂದ ಅಲ್ಲಿ ತಡೆಯುವುದು ಸಾಧ್ಯವಾಗಲಿಲ್ಲ. 2020ರಲ್ಲಿ ಕೀನ್ಯ ದೇಶ 70 ವರ್ಷಗಳಲ್ಲಿ ಕಾಣದ ಹಾವಳಿಯನ್ನು ಕಂಡಿತು. ಅದೇ ಬೇಸಗೆಯಲ್ಲಿ ಹಿಂಡುಗಳು ರಾಜಸ್ಥಾನವನ್ನು ದಾಟಿ ಮಧ್ಯಪ್ರದೇಶಕ್ಕೂ ವಿದರ್ಭಕ್ಕೂ ಬಂದಿಳಿದಾಗ ಕರ್ನಾಟಕದ ಉತ್ತರದ ಜಿಲ್ಲೆಗಳಲ್ಲಿ ರೈತರು ಆತಂಕದಿಂದ ಆಕಾಶವನ್ನು ನೋಡಿದರು.

ಹಿರಿಯರ ಈತಿಗಳ ಎಣಿಕೆಯಲ್ಲಿ ಮಿಡತೆಯೂ ನೆರೆಯ ಅರಸರೂ ಒಂದೇ ಸಾಲಿನಲ್ಲಿದ್ದಾರೆ. ದೇಶವನ್ನು ಕಳೆದುಕೊಂಡು ಬಂದ ಉವಾರೋವ್, ಮೊದಲನೆಯ ಬಾಧೆಯನ್ನು ಗೆಲ್ಲಬೇಕಾದರೆ ಎರಡನೆಯವರು ಬಾಧೆಯಾಗಿ ಉಳಿಯಲಾಗದೆಂಬುದನ್ನು ಐವತ್ತು ವರ್ಷಗಳ ದುಡಿಮೆಯಿಂದ ತೋರಿಸಿಕೊಟ್ಟರು. ನೆರೆಹೊರೆಯವರು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಿದ ಕಾಲದಲ್ಲಿ ಮಿಡತೆ ಹುಲ್ಲಿನಲ್ಲಿಯೇ ಉಳಿದಿದೆ. ಮುಟ್ಟಿಸದ ಕಾಲದಲ್ಲಿ ಮುಗಿಲಿಗೇರಿದೆ. ಮಳೆಗಾಲದ ಸಂಜೆ ಬದುವಿನ ಮೇಲೆ ನಮ್ಮ ಕಾಲಿಗೆ ಹೆದರಿ ಹಾರುವ ಆ ಹಸುರು ಜೀವಿಯ ಬಳಗವನ್ನು, ಅದು ಸಾಧುವಾಗಿರುವಾಗಲೇ ಕಣ್ಣಿಟ್ಟು ನೋಡಬೇಕೆಂದು ಕಲಿಸಿದವರು ಅವರು.